ಡೆಂಗಿ ಜ್ವರದ ಮಗುವಿನ ರಕ್ತಪರೀಕ್ಷೆ: ಪ್ಲೇಟ್‌ಲೆಟ್ ಒಂದನ್ನೇ ನೋಡಿದರೆ ಸಾಕೇ?

ಪ್ರಶ್ನೆ (ಮಂಡ್ಯದ ಒಬ್ಬ ತಾಯಿ): ನಮಸ್ಕಾರ ಡಾಕ್ಟರೇ. ಮೂರು ವರ್ಷದ ನನ್ನ ಮಗಳಿಗೆ ನಾಲ್ಕು ದಿನಗಳಿಂದ ಜ್ವರವಿದೆ. ಇಂದಿನ ಪರೀಕ್ಷೆಯಲ್ಲಿ ಡೆಂಗಿ ಎನ್‌ಎಸ್-1 ಪಾಸಿಟಿವ್ ಎಂದೂ, ಬಿಳಿ ರಕ್ತಕಣ 3,400, ಲಿಂಫೋಸೈಟ್ ಶೇ. 58, ಪ್ಲೇಟ್‌ಲೆಟ್ 1,10,000, ಹೆಮಟೋಕ್ರಿಟ್ ಶೇ. 34 ಎಂದೂ ಬಂದಿದೆ. ನಮ್ಮ ವೈದ್ಯರು ನೋಡಿ, ಮನೆಯಲ್ಲೇ ಇರಿಸಿಕೊಂಡು ನಾಳೆ ಮರುಪರೀಕ್ಷೆ ಮಾಡಿಸಲು ತಿಳಿಸಿದ್ದಾರೆ. ಆದರೆ ಲಿಂಫೋಸೈಟ್, ಪ್ಲೇಟ್‌ಲೆಟ್ ಎರಡನ್ನೂ ದಪ್ಪ ಅಕ್ಷರದಲ್ಲಿ ಮುದ್ರಿಸಿರುವುದರಿಂದ ಗಾಬರಿಯಾಗಿದೆ. ಪರಂಗಿ ಎಲೆಯ ರಸ ಕುಡಿಸಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ.

ಉತ್ತರ (ಮಕ್ಕಳ ತಜ್ಞರು): ಲಿಂಫೋಸೈಟ್ ಚಿಂತೆಯನ್ನು ಬಿಡಿ. ಅದು ಬಿಳಿ ರಕ್ತಕಣಗಳ ಒಂದು ಬಗೆ; ನ್ಯೂಟ್ರೋಫಿಲ್ ಇನ್ನೊಂದು ಬಗೆ. ವರದಿಯ ಪಕ್ಕದಲ್ಲಿ ಮುದ್ರಿಸುವ ಸಹಜ ಮಿತಿ ಎಷ್ಟೋ ವೇಳೆ ದೊಡ್ಡವರದ್ದಾಗಿರುತ್ತದೆ. ನಾಲ್ಕೈದು ವರ್ಷದವರೆಗೆ ಮಕ್ಕಳಲ್ಲಿ ನ್ಯೂಟ್ರೋಫಿಲ್‌ಗಿಂತ ಲಿಂಫೋಸೈಟ್ ಹೆಚ್ಚಿರುವುದೇ ಸಹಜ. ಬಿಳಿ ರಕ್ತಕಣ ಇಳಿಯುವುದೂ ಡೆಂಗಿಯಲ್ಲಿ ಸಾಮಾನ್ಯ.

ಪ್ಲೇಟ್‌ಲೆಟ್ 1,50,000ಕ್ಕಿಂತ ಕೆಳಗಿರುವುದು ನಿಜವಾದರೂ, ಡೆಂಗಿಯಲ್ಲಿ ಮಗುವನ್ನು ಹೆಚ್ಚಾಗಿ ಅಪಾಯಕ್ಕೆ ದೂಡುವುದು ರಕ್ತನಾಳಗಳಿಂದ ದ್ರವಾಂಶ ಸೋರುವುದು. ಹಾಗೆ ಸೋರಿದಾಗ ನಾಳದೊಳಗೆ ಉಳಿದ ರಕ್ತ ಮಂದವಾಗಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತದೆ. ನಿಮ್ಮ ಮಗಳಿಗೆ ಶೇ. 34 ಇದ್ದದ್ದು 41ರ ಹತ್ತಿರ ಹೋದರೆ, ಪ್ಲೇಟ್‌ಲೆಟ್ ಲಕ್ಷದ ಆಸುಪಾಸಿನಲ್ಲೇ ಇದ್ದರೂ ಕೂಡಲೇ ದಾಖಲಿಸಬೇಕಾಗುತ್ತದೆ. ನೆಂಟರಿಷ್ಟರೆಲ್ಲ ಫೋನಿನಲ್ಲಿ ಕೇಳುವುದು ಮಾತ್ರ ಪ್ಲೇಟ್‌ಲೆಟ್ ಒಂದನ್ನೇ!

ಪರಂಗಿ ಎಲೆಯ ರಸ ಬೇಡ. ಅದರ ಕಹಿಗೆ ಮಗು ವಾಂತಿ ಮಾಡಿಕೊಂಡರೆ ಕುಡಿದ ಓಆರ್‌ಎಸ್ ಕೂಡ ಹೊರಗೆ ಬರುತ್ತದೆ. ಎಳನೀರು, ಗಂಜಿಯ ತಿಳಿಯನ್ನು ಗುಟುಕು ಗುಟುಕಾಗಿ ಕುಡಿಸುವ ಹೊಣೆಯನ್ನು ಅತ್ತೆಯವರಿಗೇ ವಹಿಸಿ. ಜ್ವರಕ್ಕೆ ವೈದ್ಯರು ತೂಕ ನೋಡಿ ಬರೆದಷ್ಟು ಪ್ಯಾರಾಸಿಟಮಾಲ್ ಮಾತ್ರ ಸಾಕು. ಐಬುಪ್ರೊಫೆನ್ ಮತ್ತು ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಕೊಡಲೇಬಾರದು.

ಮರುಪ್ರಶ್ನೆ: ಸಂಜೆಯಿಂದ ಜ್ವರ ಬಿಟ್ಟಿದೆ. ನಾಳೆ ಮತ್ತೆ ಸೂಜಿ ಚುಚ್ಚಿಸಲೇಬೇಕೇ?

ಉತ್ತರ: ಚುಚ್ಚಿಸಲೇಬೇಕು. ದ್ರವಾಂಶ ಸೋರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ ಶುರುವಾಗುವುದರಿಂದ, ಮುಂದಿನ 24ರಿಂದ 48 ಗಂಟೆಗಳು ಜ್ವರವಿದ್ದ ದಿನಗಳಿಗಿಂತ ಹೆಚ್ಚು ಎಚ್ಚರ ಬೇಡುತ್ತವೆ. ಅದೇ ಲ್ಯಾಬಿನಲ್ಲಿ ಮಾಡಿಸಿ, ಎರಡೂ ವರದಿಗಳನ್ನು ವೈದ್ಯರ ಮುಂದೆ ಒಟ್ಟಿಗೆ ಇಡಿ. ಈ ರಾತ್ರಿಯೇ ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಎಬ್ಬಿಸಿದರೂ ಮಂಕಾಗಿರುವುದು, ಆರು ಗಂಟೆಯಾದರೂ ಮೂತ್ರ ಮಾಡದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಿನ ವರದಿಗೆ ಕಾಯದೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳುಹಿಸುವ ಅಗತ್ಯವಿದೆಯೇ ಎಂಬುದನ್ನು ಸಲೈನ್ ಹಾಕಿದ ಮೇಲೆ ಅಲ್ಲಿಯ ವೈದ್ಯರೇ ತೀರ್ಮಾನಿಸಲಿ.