ತುಡುವೆ ಜೇನನ್ನು ಪೆಟ್ಟಿಗೆಗೆ ಕೂರಿಸಿ ಕೊಡುವವರು ಬೇಕು (ಮೂರ್ನಾಡು ಹತ್ತಿರ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 11 ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂಬತ್ತು ದಿನ ಆಯಿತು, ರೋಬಸ್ಟಾ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದೆ. ಮೊನ್ನೆ ಬೆಳಿಗ್ಗೆ ಆ ಘಮದ ನಡುವೆಯೇ ಅವಳು ಜಗಲಿಯ ಕಂಬ ಬಿಟ್ಟು ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ಕುಕ್ಕರಿಸಿ ಕೂತು ತಾನೇ ಚಪ್ಪಾಳೆ ತಟ್ಟಿಕೊಂಡಳು. ಅತ್ತೆಗೆ ಕಣ್ಣು ತುಂಬಿ ಬಂತು.

ತೊಂದರೆ ಇರುವುದೂ ಅದೇ ಜಗಲಿಯಲ್ಲಿ. ಗೋಡೆಯ ಬಿರುಕಿನೊಳಗೆ ತುಡುವೆ ಜೇನು ಕೂತಿದೆ. ನೆಲದಿಂದ ಎರಡು ಅಡಿ, ಸರಿಯಾಗಿ ಮಗುವಿನ ಮುಖದ ಮಟ್ಟಕ್ಕೆ. ನಿನ್ನೆ ಅವಳು ಅದಕ್ಕೆ ಬೆರಳು ಹಾಕಲು ಹೋದಳು, ನನ್ನ ಜೀವ ಬಾಯಿಗೆ ಬಂತು.

ಔಷಧಿ ಹೊಡೆಯಿರಿ ಅಂತ ಕೆಲವರು ಹೇಳಿದರು. ಮಾವ ಸುತಾರಾಂ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಅದಕ್ಕೆ ಗಾಳಿಯ ಜೊತೆ ಜೇನೂ ಬೇಕಲ್ವಾ? ಹೂವಿನ ಸಮಯದಲ್ಲಿ ಜೇನು ಕೊಲ್ಲುವುದು ಹೇಗೆ?

ರಾಣಿ ಸಮೇತ ಎರಿ ಬಿಡಿಸಿ ಪೆಟ್ಟಿಗೆಗೆ ಕೂರಿಸಲು ಗೊತ್ತಿರುವವರು ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಗೋಡೆ ಸ್ವಲ್ಪ ಒಡೆಯಬೇಕಾದರೂ ಪರವಾಗಿಲ್ಲ. ಹೂ ಮುಗಿಯುವ ತನಕ ಕಾಯಬೇಕಾ, ಈಗಲೇ ತೆಗೆಯಬಹುದಾ? ಪೆಟ್ಟಿಗೆ, ಕೂಲಿ ಎಲ್ಲ ಸೇರಿ ಎಷ್ಟಾಗುತ್ತೆ?

ಇನ್ನೊಂದು ಮಾತು. ಜೇನು ಸಿಕ್ಕರೆ ಮಗುವಿಗೆ ನೆಕ್ಕಿಸಬೇಕು ಅಂತ ಅತ್ತೆಗೆ ತುಂಬಾ ಆಸೆ. ವರ್ಷ ತುಂಬುವ ತನಕ ಜೇನು ಕೊಡಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ. ಅತ್ತೆಗೆ ನೋವಾಗದ ಹಾಗೆ ಇದನ್ನು ಹೇಗೆ ಹೇಳಲಿ, ಅಕ್ಕಂದಿರೇ?