ಸಹಾಯ ಬೇಕು: ಹಲವು ಸಂಪುಟ ಇರೋ ಪುಸ್ತಕಾನ ಉಲ್ಲೇಖ (cite) ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ, ತುಮಕೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಪೇಪರ್‌ನಲ್ಲಿ ಎಪಿಗ್ರಾಫಿಯ ಕರ್ನಾಟಿಕದ (ಶಾಸನಗಳನ್ನ ಸಂಗ್ರಹಿಸಿರೋ ಸಂಪುಟಗಳ ಸರಣಿ) ತುಮಕೂರು ಸಂಪುಟ ಬಳಸಿದೀನಿ, ಅದು 12ನೇದು, 1904ರದ್ದು, ಬಿ.ಎಲ್. ರೈಸ್ ಸಂಪಾದನೆ, ಜೊತೆಗೆ ಕೋಲಾರದ 10ನೇದೂ ಇದೆ, ಅದು 1905. ನೋಡಿ ಮಜಾ, 10ಕ್ಕಿಂತ 12 ಮೊದ್ಲು ಬಂದಿದೆ! ನಾನು ಸುಮ್ನೆ ಹೆಸ್ರು, ಪುಟ ಹಾಕಿ ಕಳ್ಸಿದ್ದೆ, ಗೈಡು ಕೆಂಪು ಪೆನ್ನಲ್ಲಿ 'ಯಾವ ಸಂಪುಟಾನಮ್ಮ?' ಅಂತ ಬರ್ದು ವಾಪಸ್ ಕೊಟ್ರು.

ಷಿಕಾಗೋ (ಆಕರ ಉಲ್ಲೇಖಿಸೋ ಒಂದು ಶೈಲಿ) ಅಡಿಟಿಪ್ಪಣಿ ಆದ್ರೆ 12:45 ಅಂತ ಸಂಪುಟ, ಕೋಲನ್, ಪುಟ ಸಾಕು, ಅದು ಗೊತ್ತು. ಆದ್ರೆ ಇದ್ರಲ್ಲಿ ಶಾಸನಗಳಿಗೆ ತಾಲೂಕುವಾರು ನಂಬರು, ಕುಣಿಗಲ್‌ಗೇ ಬೇರೆ, ಶಿರಾಗೇ ಬೇರೆ, ಹಂಗಾಗಿ ಪುಟದ ಬದ್ಲು ಶಾಸನದ ನಂಬರ್ ಕೊಟ್ರೆ ನಡಿಯತ್ತಾ ಇಲ್ಲ ಎರಡೂ ಬೇಕಾ? ಕೊನೇ ಪಟ್ಟೀಲಿ ಎರಡು ಸಂಪುಟಾನೂ ಬೇರೆ ಬೇರೆ ಹಾಕ್ಲಾ? ಇತಿಹಾಸದವ್ರು ಯಾರಾದ್ರೂ ಹೇಳಿ ಪ್ಲೀಸ್, ಸೋಮವಾರ ಕೊಡ್ಬೇಕು.