ಮಲೇರಿಯಾದಲ್ಲಿ ಚಳಿ ನಡುಕ ಬರುವುದು ಯಾವುದರಿಂದ? ಇಮ್ಯೂನಿಟಿ ಪುಡಿ ಕೊಡಬಹುದಾ?

ಸಿದ್ದಾಪುರದ ಬೆಳೆಗಾರ:
ನಮ್ಮ ತೋಟದ ಲೈನ್ ಮನೆಯಲ್ಲಿರುವ ಒಬ್ಬರಿಗೆ ವೈವಾಕ್ಸ್ ಮಲೇರಿಯಾ ಅಂತ ರಿಪೋರ್ಟ್ ಬಂದಿದೆ. ದಿನ ಬಿಟ್ಟು ದಿನ ನಡುಕ, ಕಂಬಳಿ ಮೇಲೆ ಕಂಬಳಿ ಹೊದೆಸಿದರೂ ನಿಲ್ಲುವುದಿಲ್ಲ, ಆಮೇಲೆ ಜ್ವರ ಏರಿ ಮೈಯೆಲ್ಲಾ ಬೆವರು. ಮಾತ್ರೆ ಶುರುವಾಗಿದೆ. ಇದೆಲ್ಲ ಸೈಟೊಕೈನ್‌ನಿಂದ ಅಂದರು ಡಾಕ್ಟರ್. ಏನದು? ಪಕ್ಕದವರು ಇಮ್ಯೂನಿಟಿ ಜಾಸ್ತಿ ಮಾಡುವ ಪುಡಿ ಕೊಡಿ ಅನ್ನುತ್ತಿದ್ದಾರೆ.

ಮಡಿಕೇರಿ ಲ್ಯಾಬ್:
ಸರ್, ಸೈಟೊಕೈನ್ ಅಂದರೆ ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನ್. ವೈವಾಕ್ಸ್ ರೋಗಾಣು ಕೆಂಪು ರಕ್ತಕಣದೊಳಗೆ ಬೆಳೆದು ಸುಮಾರು 48 ಗಂಟೆಗೊಮ್ಮೆ ಅದನ್ನು ಒಡೆದು ಹೊರಬರುತ್ತದೆ, ಆಗ ಅದರ ಕಸವೆಲ್ಲ ರಕ್ತಕ್ಕೆ ಸೇರುತ್ತದೆ, ಅದನ್ನು ಕಂಡ ಬಿಳಿ ರಕ್ತಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳನ್ನು ಬಿಡುತ್ತವೆ. ಇವುಗಳಿಂದಾಗಿ ಮೆದುಳು ಮೈಯ ಬಿಸಿ ಏರಿಸುತ್ತದೆ. ನಡುಕ ಅದಕ್ಕೇ. ಕಣ ಒಡೆಯುವ ಹೊತ್ತಿಗೇ ಜ್ವರ ಬರುತ್ತದೆ ಅಂತ ಇಟಲಿಯ ವಿಜ್ಞಾನಿ ಗಾಲ್ಜಿ 1886ರಲ್ಲೇ ಗುರುತಿಸಿದ್ದರು.

ಸಿದ್ದಾಪುರದ ಬೆಳೆಗಾರ:
ಹಾಗಾದರೆ ಆ ಟಿಎನ್‌ಎಫ್ ಅನ್ನೇ ತಡೆದುಬಿಟ್ಟರೆ ಆಯಿತಲ್ವಾ?

ಮಡಿಕೇರಿ ಲ್ಯಾಬ್:
ಅದನ್ನೂ ಮಾಡಿ ನೋಡಿದ್ದಾರೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಮೆದುಳಿನ ಮಲೇರಿಯಾ ಆದ ಮಕ್ಕಳಿಗೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟರು. 1996ರಲ್ಲಿ ಫಲಿತಾಂಶ ಬಂತು. ಸಾವು ಕಡಿಮೆಯಾಗಲಿಲ್ಲ, ಬದುಕಿದವರಲ್ಲಿ ನರಗಳ ತೊಂದರೆ ಇನ್ನೂ ಜಾಸ್ತಿ ಕಂಡಿತು. ಯಾಕೆಂದರೆ ಈ ಸಂಕೇತಗಳು ಬೇಕೇ ಬೇಕು. ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸೈಟೊಕೈನ್ ಇಲ್ಲದಿದ್ದರೆ ರೋಗಾಣು ನುಂಗುವ ಕಣಗಳು ಚುರುಕಾಗುವುದಿಲ್ಲ. ಮಿತಿ ಮೀರಿದರೂ ಕಷ್ಟ: ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆಯ ಮಲೇರಿಯಾದಲ್ಲಿ ಟಿಎನ್‌ಎಫ್ ರಕ್ತನಾಳದ ಒಳಗೋಡೆಯನ್ನು ಅಂಟಂಟು ಮಾಡುತ್ತದೆ, ರೋಗಾಣು ಹೊಕ್ಕ ಕಣಗಳು ಅಲ್ಲೇ ಕಚ್ಚಿಕೊಂಡು ಮೆದುಳಿನ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಇದಕ್ಕೆ ಬ್ರೇಕ್ ಹಾಕಲು ದೇಹವೇ ಇಂಟರ್‌ಲ್ಯೂಕಿನ್-10 ಬಿಡುತ್ತದೆ. ಅದು ತುಂಬಾ ಬೇಗ ಬಂದರೆ ರೋಗಾಣುವಿಗೆ ಅನುಕೂಲ.

ಗೋಣಿಕೊಪ್ಪದ ನರ್ಸ್:
ಪುಡಿ ಬೇಡ ಅಣ್ಣ, ದಯವಿಟ್ಟು. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ನಡುಕ ನಿಂತ ಕೂಡಲೇ ತುಂಬಾ ಜನ ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ, ನನಗೆ ಅದೇ ಭಯ. ವೈವಾಕ್ಸ್ ಲಿವರ್‌ನಲ್ಲಿ ಸುಮ್ನೆ ಮಲಗಿರುತ್ತದೆ, ಆಗ ಜ್ವರವೂ ಇಲ್ಲ ನಡುಕವೂ ಇಲ್ಲ, ತಿಂಗಳುಗಳಾದ ಮೇಲೂ ಮತ್ತೆ ಏಳಬಹುದು. ಅದಕ್ಕೇ ಲಿವರ್‌ನಲ್ಲಿ ಮಲಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ 14 ದಿನ ಕೊಡುವುದು. ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಅದರಿಂದ ರಕ್ತಕಣ ಒಡೆಯುತ್ತದೆ, ಆ ಟೆಸ್ಟ್ ಆಗಿದೆಯಾ ಡಾಕ್ಟರ್ ಹತ್ತಿರ ಕೇಳಿ. ಮೂತ್ರ ಕಪ್ಪಾಗಿ ಹೋದರೆ ಅಥವಾ ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಿದ್ದಾಪುರದ ಬೆಳೆಗಾರ:
ಟೆಸ್ಟ್ ವಿಷಯ ಯಾರೂ ಹೇಳಿರಲಿಲ್ಲ ಅಕ್ಕ. ಈಗಲೇ ಫೋನ್ ಮಾಡುತ್ತೇನೆ.